ಶುಲ್ಕ ಸಮವಾಯಿತು, ಪಂದ್ಯ ಸಮವಾಗಲಿಲ್ಲ

2022ರ ಅಕ್ಟೋಬರ್ 27ರಂದು ಬಿಸಿಸಿಐನ ಆಗಿನ ಕಾರ್ಯದರ್ಶಿ ಜಯ್ ಶಾ ಒಂದು ಘೋಷಣೆ ಮಾಡಿದರು. ಭಾರತ ತಂಡಕ್ಕೆ ಆಡುವ ಮಹಿಳೆಯರಿಗೂ ಇನ್ನು ಮುಂದೆ ಪುರುಷರಷ್ಟೇ ಪಂದ್ಯ ಶುಲ್ಕ. ಟೆಸ್ಟ್‌ಗೆ 15 ಲಕ್ಷ ರೂಪಾಯಿ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಅಲ್ಲಿಯವರೆಗೆ ಮಹಿಳೆಯರಿಗೆ ಸೀಮಿತ ಓವರುಗಳ ಒಂದು ಪಂದ್ಯಕ್ಕೆ ಸಿಗುತ್ತಿದ್ದದ್ದು 1 ಲಕ್ಷ. ಮರುದಿನ ಪತ್ರಿಕೆಗಳು ಇದನ್ನು ಐತಿಹಾಸಿಕ ಎಂದು ಕರೆದವು. ಆ ಮಾತು ತಪ್ಪಲ್ಲ. ಆದರೆ ಒಂದು ಕ್ರಮ ಚೆನ್ನಾಗಿದೆಯೇ ಎಂದು ಹೇಳಬೇಕಾದರೆ ಅದು ನಡೆದ ದಾರಿಯನ್ನು ನೋಡಬೇಕು. ಈಗ ನೋಡುವಷ್ಟು ಕಾಲ ಕಳೆದಿದೆ.

ಇದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ನೋಡುವುದಕ್ಕೆ ಕಾರಣವಿದೆ. ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ, ದೇವನಹಳ್ಳಿ ತಾಲ್ಲೂಕಿನ ಮಗ್ಗುಲಲ್ಲೇ. ಮೂರು ಮೈದಾನ, ಒಳಾಂಗಣ ಪಿಚ್‌ಗಳು, ಗಾಯಾಳುಗಳ ಪುನಶ್ಚೇತನಕ್ಕೆ ಬೇಕಾದ ಸಕಲ ಸೌಕರ್ಯ ಅಲ್ಲಿದೆ. ದೇಶದ ಅತ್ಯುತ್ತಮ ಆಟಗಾರರೂ ಆಟಗಾರ್ತಿಯರೂ ಅಲ್ಲಿಗೆ ಬಂದು ಹೋಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಸರ್ಕಾರಿ ಶಾಲೆಗಳಲ್ಲಿ ಆಟದಲ್ಲಿ ಮುಂದಿರುವ ಹುಡುಗಿಯರಿದ್ದಾರೆ. ಆಟವನ್ನೇ ನೆಚ್ಚಿ ಬದುಕಬಹುದೇ ಎಂದು ಅವರ ಅಪ್ಪ ಅಮ್ಮ ಕೇಳಿದರೆ ಸಮಾನ ಶುಲ್ಕದ ನೀತಿ ಏನು ಉತ್ತರ ಕೊಡುತ್ತದೆ? ನೀತಿಯ ಬೆಲೆ ಕಟ್ಟುವುದಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆ ನನಗೆ ಕಾಣುತ್ತಿಲ್ಲ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನಲ್ಲಿ, 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವೂ ಬಂತು. ಆ ಪೀಳಿಗೆ ರಿಸರ್ವೇಷನ್ ಇಲ್ಲದ ರೈಲು ಡಬ್ಬಿಗಳಲ್ಲಿ ಪ್ರಯಾಣ ಮಾಡಿ, ಡಾರ್ಮಿಟರಿಗಳ ನೆಲದ ಮೇಲೆ ಮಲಗಿ ಆಡಿದ್ದನ್ನು ಶಾಂತಾ ಅವರೇ ಮತ್ತೆ ಮತ್ತೆ ಹೇಳಿದ್ದಾರೆ. 2005ರಲ್ಲಿ ಭಾರತ ವಿಶ್ವಕಪ್ ಫೈನಲ್ ಮುಟ್ಟಿತು. ಆಗಲೂ ತಮಗೆ ಸಿಕ್ಕಿದ್ದು ಪಂದ್ಯಕ್ಕೆ 1,000 ರೂಪಾಯಿ ಎಂದು ಆ ತಂಡದ ನಾಯಕಿ ಮಿಥಾಲಿ ರಾಜ್ ಹೇಳಿದ್ದಾರೆ. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ. ವಾರ್ಷಿಕ ಒಪ್ಪಂದ ಅವರಿಗೆ ಸಿಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಸಾವಿರದಿಂದ ಆರು ಲಕ್ಷಕ್ಕೆ ಬಂದ ಈ ದಾರಿ ಸಣ್ಣದಲ್ಲ. ಜಗತ್ತಿನಲ್ಲಿ ಇಂಥ ಹೆಜ್ಜೆ ಇಟ್ಟ ಎರಡನೆಯ ಮಂಡಳಿ ನಮ್ಮದು. ಅದಕ್ಕೂ ಕೆಲವೇ ತಿಂಗಳ ಹಿಂದೆ ನ್ಯೂಜಿಲೆಂಡ್ ಇಟ್ಟಿತ್ತು.

ಆದರೆ ನೀತಿಯ ದೊಡ್ಡ ಕೊರತೆ ಇರುವುದು ಅದು ಮುಟ್ಟದೇ ಬಿಟ್ಟ ಕಡೆ. ಪಂದ್ಯ ಶುಲ್ಕ ಕೈಗೆ ಬರಬೇಕಾದರೆ ಪಂದ್ಯ ಇರಬೇಕು. 2014ರ ನವೆಂಬರ್‌ನಲ್ಲಿ ಭಾರತದ ಮಹಿಳೆಯರು ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿದರು. ತಿರುಷ್ ಕಾಮಿನಿ 192 ಹೊಡೆದರು, ಹರ್ಮನ್‌ಪ್ರೀತ್ ಕೌರ್ ಒಂಬತ್ತು ವಿಕೆಟ್ ಪಡೆದರು. ಅಂಥ ಗೆಲುವಿನ ನಂತರ ಅವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಜೂನ್‌ನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ನಡುವೆ ಆರೂವರೆ ವರ್ಷ ಬಿಳಿ ಉಡುಪು ಪೆಟ್ಟಿಗೆಯಲ್ಲೇ ಉಳಿಯಿತು.

ಸಮಾನ ಶುಲ್ಕ ಬಂದ ಮೇಲೆ ಈ ಕಥೆ ಬದಲಾಯಿತೇ? 2024ರಲ್ಲಿ ಭಾರತದ ಪುರುಷರು 15 ಟೆಸ್ಟ್ ಆಡಿದರು, ಮಹಿಳೆಯರು ಒಂದು. ಚೆನ್ನೈನಲ್ಲಿ ನಡೆದ ಆ ಒಂದರಲ್ಲಿ ಶಫಾಲಿ ವರ್ಮಾ ದ್ವಿಶತಕ ಬಾರಿಸಿ, ತಂಡ 6 ವಿಕೆಟ್‌ಗೆ 603 ರನ್ ಕಲೆಹಾಕಿ ಮಹಿಳಾ ಟೆಸ್ಟ್‌ಗಳಲ್ಲೇ ದಾಖಲೆ ಬರೆಯಿತು. 2025ರಲ್ಲಿ ಪುರುಷರಿಗೆ ಹತ್ತು ಟೆಸ್ಟ್, ಮಹಿಳೆಯರಿಗೆ ಒಂದೂ ಇಲ್ಲ. 2024ರ ಎಲ್ಲ ಟೆಸ್ಟ್‌ಗಳಲ್ಲೂ ಆಡುವ ಪುರುಷನೊಬ್ಬನಿಗೆ ಬರೀ ಪಂದ್ಯ ಶುಲ್ಕದ ಲೆಕ್ಕದಲ್ಲೇ 2.25 ಕೋಟಿ ಆಗುತ್ತದೆ. ಹಾಗೆಯೇ ಎಲ್ಲ ಟೆಸ್ಟ್‌ಗಳಲ್ಲೂ ಆಡಿದ ಮಹಿಳೆಗೆ 15 ಲಕ್ಷ. ದರ ಒಂದೇ, ಸಂಪಾದನೆ ಹದಿನೈದರಲ್ಲಿ ಒಂದು ಪಾಲು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಗೆ ಇಷ್ಟು ಕೂಲಿ ಎಂದು ಎಲ್ಲರಿಗೂ ಒಂದೇ ದರ ಗೊತ್ತುಮಾಡಿದ ಮಾಲೀಕ, ಒಂದು ಮನೆಗೆ ಬಿಡುವಿಲ್ಲದಂತೆ ಹಾಸು ಕೊಟ್ಟು, ಇನ್ನೊಂದು ಮನೆಯ ಮಗ್ಗವನ್ನು ತಿಂಗಳುಗಟ್ಟಲೆ ಖಾಲಿ ನಿಲ್ಲಿಸಿದರೆ ಆ ಎರಡು ಮನೆಗಳ ಒಲೆ ಒಂದೇ ಸಮ ಉರಿಯುವುದಿಲ್ಲ. ಕೂಲಿಯ ದರ ಕೇಳುವವರು ಕೆಲಸದ ದಿನಗಳನ್ನೂ ಕೇಳಲೇಬೇಕು. ಪಂದ್ಯಗಳ ವೇಳಾಪಟ್ಟಿ ಹೆಣೆಯುವುದು ಮಂಡಳಿಯ ಕೈಯಲ್ಲೇ ಇರುವ ಕೆಲಸ. ಇತರ ದೇಶಗಳ ಮಂಡಳಿಗಳೂ ಒಪ್ಪಬೇಕು ನಿಜ. ಆದರೆ ಜಗತ್ತಿನ ಕ್ರಿಕೆಟ್ ವೇಳಾಪಟ್ಟಿಯಲ್ಲಿ ಬಿಸಿಸಿಐ ಮಾತಿಗೆ ಇರುವ ತೂಕ ಬೇರೆ ಯಾರಿಗೂ ಇಲ್ಲ.

ದರವಾದರೂ ನಿಜವಾಗಿ ಒಂದೇ ಆಗಿ ಉಳಿಯಿತೇ ಎಂದರೆ ಅದೂ ಇಲ್ಲ. 2024ರ ಮಾರ್ಚ್‌ನಲ್ಲಿ ಮಂಡಳಿ ಟೆಸ್ಟ್ ಕ್ರಿಕೆಟ್ ಪ್ರೋತ್ಸಾಹಧನ ಯೋಜನೆ ತಂದಿತು. ಒಂದು ಋತುವಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಟೆಸ್ಟ್‌ಗಳಲ್ಲಿ ಆಡುವ ಬಳಗದಲ್ಲಿರುವವರಿಗೆ ಪ್ರತಿ ಪಂದ್ಯಕ್ಕೆ 45 ಲಕ್ಷ, ಅರ್ಧದಿಂದ ಮುಕ್ಕಾಲರೊಳಗೆ ಆಡಿದವರಿಗೆ 30 ಲಕ್ಷ, ಇದು 15 ಲಕ್ಷದ ಶುಲ್ಕದ ಮೇಲೆ. ಟೆಸ್ಟ್ ಆಟ ಉಳಿಯಬೇಕು ಎಂಬ ಉದ್ದೇಶ ಒಳ್ಳೆಯದೇ. ಆದರೆ ಯೋಜನೆ ಹಿರಿಯ ಪುರುಷರ ತಂಡಕ್ಕೆ ಮಾತ್ರ. ಸಮಾನತೆಯ ಘೋಷಣೆ ಆಗಿ ಒಂದೂವರೆ ವರ್ಷ ಕಳೆಯುವುದರೊಳಗೆ ಒಂದು ಟೆಸ್ಟ್‌ಗೆ ಪುರುಷನಿಗೆ 60 ಲಕ್ಷದವರೆಗೆ, ಮಹಿಳೆಗೆ 15 ಲಕ್ಷ ಎಂಬ ಸ್ಥಿತಿ ಬಂತು. ಟೆಸ್ಟ್ ಆಟಕ್ಕೆ ಪ್ರೋತ್ಸಾಹ ಹೆಚ್ಚು ಬೇಕಾಗಿರುವುದು ಯಾರಿಗೆ? ವರ್ಷಕ್ಕೊಂದು ಟೆಸ್ಟ್ ಸಿಗುವುದೂ ಕಷ್ಟವಾಗಿರುವ ತಂಡಕ್ಕೇ ಅಲ್ಲವೇ?

ವಾರ್ಷಿಕ ಒಪ್ಪಂದಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಓದಿದರೆ ಇನ್ನೂ ನೋವಾಗುತ್ತದೆ. 2024-25ರ ಪುರುಷರ ಪಟ್ಟಿಯಲ್ಲಿ ಎ ಪ್ಲಸ್ ದರ್ಜೆಗೆ 7 ಕೋಟಿ, ಎ ದರ್ಜೆಗೆ 5 ಕೋಟಿ, ಬಿ ದರ್ಜೆಗೆ 3 ಕೋಟಿ, ಸಿ ದರ್ಜೆಗೆ 1 ಕೋಟಿ. ಅದೇ ಋತುವಿನ ಮಹಿಳೆಯರ ಪಟ್ಟಿಯಲ್ಲಿ ಎ ದರ್ಜೆಗೆ 50 ಲಕ್ಷ, ಬಿ ದರ್ಜೆಗೆ 30 ಲಕ್ಷ, ಸಿ ದರ್ಜೆಗೆ 10 ಲಕ್ಷ. ಅಂದರೆ ಪುರುಷರ ಕೊನೆಯ ದರ್ಜೆಗೆ ಕೊಡುವ ಹಣ, ಮಹಿಳೆಯರ ಮೊದಲ ದರ್ಜೆಯ ಎರಡರಷ್ಟು. ಹರ್ಮನ್‌ಪ್ರೀತ್, ಸ್ಮೃತಿ ಮಂದಾನಾ, ದೀಪ್ತಿ ಶರ್ಮಾ ಅವರಂಥವರು ಆ ಮೊದಲ ದರ್ಜೆಯವರು.

ಪಂದ್ಯ ಶುಲ್ಕಕ್ಕಿಂತ ಈ ಒಪ್ಪಂದದ ಹಣ ಒಂದು ದೃಷ್ಟಿಯಲ್ಲಿ ಮುಖ್ಯ. ಗಾಯವಾದಾಗ, ಮನೆಯಲ್ಲಿ ಕಷ್ಟ ಬಂದಾಗ, ತಂಡದಿಂದ ಹೊರಗೆ ಕುಳಿತಾಗ ಶುಲ್ಕ ಬರುವುದಿಲ್ಲ. ಒಪ್ಪಂದದ ಹಣ ಬರುತ್ತದೆ. ಬೆಂಗಳೂರಿನ ಆಫ್ ಸ್ಪಿನ್ನರ್ ಶ್ರೇಯಾಂಕಾ ಪಾಟೀಲ್ ಅವರನ್ನೇ ನೋಡಿ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ (ಡಬ್ಲ್ಯುಪಿಎಲ್) ಮೊದಲ ಹರಾಜಿನಲ್ಲಿ ಆರ್‌ಸಿಬಿ ಅವರನ್ನು 10 ಲಕ್ಷಕ್ಕೆ ತೆಗೆದುಕೊಂಡಿತು. 2024ರಲ್ಲಿ 13 ವಿಕೆಟ್ ಪಡೆದು ಇಡೀ ಟೂರ್ನಿಯಲ್ಲಿ ಅಗ್ರಸ್ಥಾನಕ್ಕೆ ಬಂದರು. ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಕಿತ್ತು ಕಪ್ ಗೆಲ್ಲಿಸಿದರು. ಮರುವರ್ಷದ ಟೂರ್ನಿ ಗಾಯದಿಂದಾಗಿ ಪೂರ್ತಿ ತಪ್ಪಿಹೋಯಿತು. 2025ರ ಮಾರ್ಚ್‌ನಲ್ಲಿ ಮಂಡಳಿಯ ಒಪ್ಪಂದ ಅವರಿಗೆ ಸಿಕ್ಕಿತು, ಸಿ ದರ್ಜೆಯಲ್ಲಿ. ಬೌಲರ್‌ಗೆ ಗಾಯ ಎಂಬುದು ಹೆಣ್ಣು ಗಂಡು ನೋಡಿ ಬರುವುದಿಲ್ಲ. ಆದರೆ ಗಾಯಗೊಂಡ ಬೌಲರ್‌ಗೆ ಆಸರೆಯಾಗುವ ಮೊತ್ತ ಒಬ್ಬರಿಗೆ 1 ಕೋಟಿ, ಇನ್ನೊಬ್ಬರಿಗೆ 10 ಲಕ್ಷ.

ಇಲ್ಲಿಗೆ ಬಂದಾಗ ಒಂದು ಮಾತು ಯಾವಾಗಲೂ ಏಳುತ್ತದೆ: ನೋಡುವವರು ಎಷ್ಟೋ, ಹಣ ಅಷ್ಟು. ಈ ವಾದವನ್ನು ತಳ್ಳಿಹಾಕದೆ ಲೆಕ್ಕಕ್ಕೆ ತೆಗೆದುಕೊಳ್ಳೋಣ. 2023ರಿಂದ 2027ರವರೆಗಿನ ಐದು ವರ್ಷಕ್ಕೆ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು. ಅದೇ ಐದು ವರ್ಷಕ್ಕೆ ಡಬ್ಲ್ಯುಪಿಎಲ್ ಹಕ್ಕು 951 ಕೋಟಿಗೆ. ಐಪಿಎಲ್‌ನಲ್ಲಿ 2025ಕ್ಕೆ ಒಂದೊಂದು ತಂಡ ಆಟಗಾರರಿಗೆ 120 ಕೋಟಿ ಖರ್ಚು ಮಾಡಬಹುದಿತ್ತು; ಹತ್ತು ತಂಡಕ್ಕೆ 1,200 ಕೋಟಿ. ಡಬ್ಲ್ಯುಪಿಎಲ್‌ನಲ್ಲಿ ತಂಡಕ್ಕೆ 15 ಕೋಟಿ; ಐದು ತಂಡಕ್ಕೆ 75 ಕೋಟಿ. ರಿಷಭ್ ಪಂತ್ ಒಬ್ಬರ ಬೆಲೆ 27 ಕೋಟಿ, ಅಂದರೆ ಒಂದು ಇಡೀ ಮಹಿಳಾ ತಂಡದ ಬೆಲೆಗಿಂತ ಹೆಚ್ಚು. ಆದರೂ ವರ್ಷದ ಪ್ರಸಾರದ ಆದಾಯದಲ್ಲಿ ಆಟಗಾರರಿಗೆ ಮೀಸಲಾದ ಪಾಲು ನೋಡಿದರೆ ಚಿತ್ರ ತಿರುಗುತ್ತದೆ. ಐಪಿಎಲ್‌ನಲ್ಲಿ ಅದು ನೂರಕ್ಕೆ ಸುಮಾರು 12, ಡಬ್ಲ್ಯುಪಿಎಲ್‌ನಲ್ಲಿ ಸುಮಾರು 39. ಹೀಗಾಗಿ ಲೀಗ್‌ಗಳಲ್ಲಿನ ಅಂತರವನ್ನು ಬರೀ ತಾರತಮ್ಯ ಎಂದು ಬೈಯುವುದು ನ್ಯಾಯವಲ್ಲ. ಅಲ್ಲಿ ಕಾಣುವುದು ತಡವಾಗಿ ಹುಟ್ಟಿದ್ದರ ಬೆಲೆ: ಐಪಿಎಲ್ ಶುರುವಾದದ್ದು 2008ರಲ್ಲಿ, ಡಬ್ಲ್ಯುಪಿಎಲ್ 2023ರಲ್ಲಿ. ಹದಿನೈದು ವರ್ಷ ಅಂಗಡಿಯನ್ನೇ ತೆರೆಯದೆ ಗಿರಾಕಿ ಬಂದಿಲ್ಲ ಎನ್ನುವುದು ಸರಿಯಲ್ಲ.

ಆದರೆ ದೇಶದ ತಂಡ ಲೀಗ್ ತಂಡವಲ್ಲ. ಅಲ್ಲಿ ಹಣದ ಹಂಚಿಕೆ ಸಂತೆಯ ಬೆಲೆಯಂತೆ ತಾನಾಗಿ ಆಗುವುದಿಲ್ಲ, ಸಭೆಯಲ್ಲಿ ಕುಳಿತವರ ತೀರ್ಮಾನದಿಂದ ಆಗುತ್ತದೆ. ಇದಕ್ಕೆ ಸಾಕ್ಷಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯೇ ಕೊಟ್ಟಿದೆ. 2025ರ ಮಹಿಳಾ ವಿಶ್ವಕಪ್‌ನ ಒಟ್ಟು ಬಹುಮಾನವನ್ನು ಐಸಿಸಿ 1.388 ಕೋಟಿ ಡಾಲರ್‌ಗೆ ಏರಿಸಿತು. 2023ರ ಪುರುಷರ ವಿಶ್ವಕಪ್‌ನಲ್ಲಿ ಅದು 1 ಕೋಟಿ ಡಾಲರ್ ಇತ್ತು. ನೋಡುವವರ ಸಂಖ್ಯೆ ಪುರುಷರದನ್ನು ದಾಟಲಿ ಎಂದು ಐಸಿಸಿ ಕಾಯಲಿಲ್ಲ. ಆ ವಿಶ್ವಕಪ್ಪನ್ನು ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳೇ ಗೆದ್ದರು. ಮಂಡಳಿ 51 ಕೋಟಿ ಬಹುಮಾನ ಕೊಟ್ಟಿತು. ಅದೇ ಮಂಡಳಿ 2024ರ ಟಿ20 ವಿಶ್ವಕಪ್ ಗೆದ್ದ ಪುರುಷರಿಗೆ 125 ಕೋಟಿ ಕೊಟ್ಟಿತ್ತು, 2025ರ ಚಾಂಪಿಯನ್ಸ್ ಟ್ರೋಫಿ ಗೆದ್ದಾಗ 58 ಕೋಟಿ. ಮಹಿಳೆಯರು ಮೊದಲ ಬಾರಿಗೆ ಗೆದ್ದ ವಿಶ್ವಕಪ್‌ಗೆ ಪುರುಷರ ಚಾಂಪಿಯನ್ಸ್ ಟ್ರೋಫಿಗಿಂತ ಕಡಿಮೆ ಬೆಲೆ ಕಟ್ಟಿದ್ದನ್ನು ಯಾವ ಮಾರುಕಟ್ಟೆಯ ತರ್ಕವೂ ಸಮರ್ಥಿಸಲಾರದು.

ಸಮಾನತೆ ನಿಜವಾಗಿ ಬೇರೂರಬೇಕಾದದ್ದು ದೇಶಿ ಕ್ರಿಕೆಟ್‌ನಲ್ಲಿ. ಭಾರತ ತಂಡಕ್ಕೆ ಆಡುವವರು ಹದಿನೈದಿಪ್ಪತ್ತು ಮಂದಿ. ರಾಜ್ಯಗಳಿಗೆ ಆಡುವವರು ನೂರಾರು. 2022ರ ಘೋಷಣೆ ಇವರನ್ನು ಮುಟ್ಟಲೇ ಇಲ್ಲ. ಆಗ ಹಿರಿಯ ಮಹಿಳಾ ಆಟಗಾರ್ತಿಗೆ ದಿನಕ್ಕೆ 20,000 ರೂಪಾಯಿ, ರಣಜಿ ಆಟಗಾರನಿಗೆ ಅನುಭವಕ್ಕೆ ತಕ್ಕಂತೆ 40,000ದಿಂದ 60,000. ವಿಶ್ವಕಪ್ ಗೆದ್ದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಮಹಿಳೆಯರ ಏಕದಿನ ಪಂದ್ಯದ ಶುಲ್ಕ ದಿನಕ್ಕೆ 50,000ಕ್ಕೆ ಏರಿತು. ಬಹಳ ಒಳ್ಳೆಯ ಹೆಜ್ಜೆ. ಆದರೆ ಇಲ್ಲೂ ಅದೇ ತೊಡಕು. ರಣಜಿ ಪಂದ್ಯ ನಾಲ್ಕು ದಿನದ್ದು. 2024-25ರಲ್ಲಿ ಲೀಗ್ ಹಂತದ ಏಳು ಪಂದ್ಯಗಳಿಗೆ 28 ದಿನ, ಹೊಸಬನಿಗೂ 11 ಲಕ್ಷದ ಮೇಲೆ. ಕರ್ನಾಟಕ ಮಹಿಳಾ ತಂಡಕ್ಕೆ ರಾಜ್ಯಮಟ್ಟದಲ್ಲಿ ಬಹುದಿನದ ಪಂದ್ಯವೇ ಇಲ್ಲ. ಏಕದಿನ ಮತ್ತು ಟಿ20 ಮಾತ್ರ. ಬಹುದಿನದ ಆಟ 2024ರಲ್ಲಿ ಮತ್ತೆ ಶುರುವಾದದ್ದು ವಲಯ ತಂಡಗಳ ನಡುವೆ, ಅಲ್ಲಿಗೆ ಆಯ್ಕೆಯಾಗುವವರು ಕೆಲವರೇ. ನಾಲ್ಕು ದಿನದ ಆಟ ಆಡದೆ ಬೆಳೆದವರು ಟೆಸ್ಟ್‌ಗೆ ಸಿದ್ಧವಾಗುವುದು ಹೇಗೆ? ಟೆಸ್ಟ್ ಕಡಿಮೆಯಾದ ಕಾರಣ ಕೆಳಗೆ ಬಹುದಿನದ ಪಂದ್ಯ ಇಲ್ಲ, ಕೆಳಗೆ ಇಲ್ಲದ ಕಾರಣ ಮೇಲೆ ಟೆಸ್ಟ್ ಇಲ್ಲ. ರಾಜ್ಯ ಸಂಸ್ಥೆಯ ದಾಖಲೆಯೂ ತಡವಾದದ್ದೇ. ಪುರುಷರ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) 2009ರಲ್ಲಿ ಶುರುವಾಯಿತು. ಮಹಿಳೆಯರಿಗಾಗಿ ಮಹಾರಾಣಿ ಟ್ರೋಫಿ ಬಂದದ್ದು 2025ರಲ್ಲಿ, ನೆಲಮಂಗಲದ ದಾರಿಯಲ್ಲಿರುವ ಆಲೂರಿನ ಮೈದಾನದಲ್ಲಿ.

ಇಷ್ಟಾದರೂ ಕ್ರಿಕೆಟ್ ಅದೃಷ್ಟವಂತ ಆಟ. ನಮ್ಮ ನಾಲ್ಕು ತಾಲ್ಲೂಕುಗಳ ಮಣ್ಣಿನ ಆಟ ಕಬಡ್ಡಿ. ಹೊಸಕೋಟೆ, ನೆಲಮಂಗಲ ಕಡೆಯ ಬಸ್ ನಿಲ್ದಾಣಗಳ ಗೋಡೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರ್ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮೇಲೆ ಶಾಸಕರ, ಮುಖಂಡರ ಫೋಟೊಗಳ ಸಾಲು. ನಡುವೆ ಪ್ರಥಮ, ದ್ವಿತೀಯ, ತೃತೀಯ ಬಹುಮಾನದ ನಗದು, ಪಕ್ಕದಲ್ಲಿ ಕೊಟ್ಟವರ ಹೆಸರು. ಕೆಳಗೆ ಬೆಸ್ಟ್ ರೈಡರ್, ಬೆಸ್ಟ್ ಡಿಫೆಂಡರ್, ಆಲ್‌ರೌಂಡರ್. ಕೊನೆಗೆ ಪ್ರವೇಶ ಶುಲ್ಕ, ಫೋನ್ ನಂಬರು, ಊಟದ ವ್ಯವಸ್ಥೆ ಇದೆ ಎಂಬ ಸಾಲು. ಮಹಿಳೆಯರ ವಿಭಾಗ ಎಂಬ ಪದ ಈ ಪೋಸ್ಟರ್‌ಗಳಲ್ಲಿ ಅಪರೂಪ. ಅದೇ ಊರಿನ ಹುಡುಗಿಯರು ಶಾಲಾ ಕ್ರೀಡಾಕೂಟದಲ್ಲೂ, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದಲ್ಲೂ ಕಬಡ್ಡಿ ಆಡಿ ಗೆದ್ದಿರುತ್ತಾರೆ. ಹಣದ ಆಟ ಶುರುವಾಗುವ ಹೊತ್ತಿಗೆ ಅವರು ನೋಡುವವರಾಗಿಬಿಡುತ್ತಾರೆ.

ಪೋಸ್ಟರ್‌ನಲ್ಲಿ ಕಾಣುವುದೇ ದೇಶದ ಮಟ್ಟದಲ್ಲೂ ಇದೆ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾಗಿ ಹನ್ನೆರಡು ಋತು ಮುಗಿಸಿದೆ. ಬೆಂಗಳೂರು ಬುಲ್ಸ್‌ನಲ್ಲಿ ಮಿಂಚಿದ ಪವನ್ ಸೆಹ್ರಾವತ್ 2023ರ ಹರಾಜಿನಲ್ಲಿ 2.6 ಕೋಟಿ ದಾಟಿದರು. ಮಹಿಳೆಯರಿಗಾಗಿ ಅದೇ ಲೀಗ್ ಮಾಡಿದ್ದು 2016ರಲ್ಲಿ ಮೂರು ತಂಡಗಳ ಒಂದು ಚಾಲೆಂಜ್ ಮಾತ್ರ, ಅದು ಮುಂದುವರಿಯಲಿಲ್ಲ. ಆಟ ಬಲ್ಲವರು ಇಲ್ಲ ಎಂದು ಹೇಳುವಂತಿಲ್ಲ. ಬೆಂಗಳೂರಿನ ತೇಜಸ್ವಿನಿ ಬಾಯಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದವರು. ಉಡುಪಿ ಜಿಲ್ಲೆಯ ಮಮತಾ ಪೂಜಾರಿ 2012ರ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತ ಮತ್ತೆ ವಿಶ್ವಕಪ್ ಗೆದ್ದಾಗ ದಕ್ಷಿಣ ಕನ್ನಡದ ಧನಲಕ್ಷ್ಮಿ ಪೂಜಾರಿ ತಂಡದಲ್ಲಿದ್ದರು.

ಇಂಥವರನ್ನು ಹಿಡಿದು ನಿಲ್ಲಿಸಿದ್ದು ಲೀಗ್ ಅಲ್ಲ, ಕ್ರೀಡಾ ಕೋಟಾದ ನೌಕರಿ. ರೈಲ್ವೆಯಲ್ಲಿ ಒಂದು ಹುದ್ದೆಗೆ ಒಂದೇ ವೇತನ ಶ್ರೇಣಿ. ಕುಳಿತಿರುವವರು ಹೆಣ್ಣೋ ಗಂಡೋ ಎಂದು ಅದು ಕೇಳುವುದಿಲ್ಲ. ಮಹಿಳಾ ಕಬಡ್ಡಿಯಲ್ಲೂ ಕ್ರಿಕೆಟ್‌ನಲ್ಲೂ ರೈಲ್ವೆ ತಂಡ ದಶಕಗಳ ಕಾಲ ಮೆರೆದದ್ದು ಇದೇ ಕಾರಣಕ್ಕೆ. ತಿಂಗಳಿಗೊಮ್ಮೆ ಖಾತೆಗೆ ಬೀಳುವ ಸಂಬಳ ಪ್ರತಿಭೆಯನ್ನು ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೊದಲು ಆಟ ಬೆಳೆಯಲಿ, ಆಮೇಲೆ ಹಣ ಎನ್ನುವವರು ಈ ಇತಿಹಾಸವನ್ನು ಓದಬೇಕು. ಇಲ್ಲಿ ಹಣ ಮೊದಲು ಬಂತು, ಆಟ ಅದರ ಹಿಂದೆ ಬೆಳೆಯಿತು.

ಬೇರೆ ಕಡೆ ದಾರಿಗಳು ತೆರೆದಿವೆ. ಅಮೆರಿಕನ್ ಓಪನ್ ಟೆನಿಸ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು, ವಿಂಬಲ್ಡನ್ 2007ರಲ್ಲಿ. ನಮ್ಮ ಬೆಂಗಳೂರಿನ ವಿಶ್ವ 10ಕೆ ಓಟದಲ್ಲಿ ಪುರುಷ ವಿಜೇತರಿಗೂ ಮಹಿಳಾ ವಿಜೇತರಿಗೂ ಒಂದೇ ಮೊತ್ತ. ನ್ಯೂಜಿಲೆಂಡ್‌ನ 2022ರ ಒಪ್ಪಂದ ದೇಶಿ ಪಂದ್ಯಗಳಿಗೂ ಸಮಾನ ಶುಲ್ಕವನ್ನು ಒಮ್ಮೆಗೇ ತಂದಿತು. ಅದೇ ವರ್ಷ ಅಮೆರಿಕದ ಫುಟ್‌ಬಾಲ್ ಸಂಸ್ಥೆ ವಿಶ್ವಕಪ್ ಬಹುಮಾನದ ಹಣವನ್ನು ಎರಡೂ ತಂಡಗಳು ಒಟ್ಟುಗೂಡಿಸಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಲ್ಲೆಲ್ಲ ಆಟಗಾರರ ಸಂಘಗಳೋ ಆಟಗಾರ್ತಿಯರೋ ಮೇಜಿನ ಎದುರು ಕುಳಿತು ಮಾತಾಡಿ ಪಡೆದದ್ದು ಹೆಚ್ಚು. ನಮ್ಮಲ್ಲಿ ಅದು ಮೇಲಿನಿಂದ ಘೋಷಣೆಯಾಗಿ ಬಂತು. ಹಾಗಾಗಿ ಪ್ರೋತ್ಸಾಹಧನ ಪುರುಷರಿಗೆ ಮಾತ್ರ ಎಂದಾಗ ಕೇಳಲು ಯಾರೂ ಇರಲಿಲ್ಲ.

2022ರ ನೀತಿಯ ಬಗ್ಗೆ ನನ್ನ ತೀರ್ಪು ಇಷ್ಟು: ತತ್ವ ಸರಿ, ಅಳತೆಗೋಲು ತಪ್ಪು. ಒಂದು ಪಂದ್ಯಕ್ಕೆ ಎಷ್ಟು ಎಂದು ಅಳೆಯುವ ಬದಲು ಒಂದು ವರ್ಷಕ್ಕೆ ಎಷ್ಟು ಎಂದು ಅಳೆಯಬೇಕು. ಪ್ರತಿ ವರ್ಷ ಮಹಿಳೆಯರಿಗೆ ಇಷ್ಟು ಟೆಸ್ಟ್ ಖಚಿತ ಎಂದು ಮಂಡಳಿ ಮೊದಲೇ ಹೇಳಲಿ. ಪ್ರೋತ್ಸಾಹಧನ ಯೋಜನೆಯಿಂದ ಪುರುಷರ ತಂಡಕ್ಕೆ ಮಾತ್ರ ಎಂಬ ನಿಬಂಧನೆ ಹೋಗಲಿ. ಮಹಿಳೆಯರ ಮೊದಲ ದರ್ಜೆಯ ಒಪ್ಪಂದ ಕನಿಷ್ಠಪಕ್ಷ ಪುರುಷರ ಕೊನೆಯ ದರ್ಜೆಯಷ್ಟಾದರೂ ಆಗಲಿ. ಮಂಡಳಿಯ ಬೊಕ್ಕಸಕ್ಕೆ ಅದು ಭಾರವಲ್ಲ. ರಾಜ್ಯ ತಂಡಗಳಿಗೆ ಬಹುದಿನದ ಟೂರ್ನಿ ಬರಲಿ. ಪ್ರೊ ಕಬಡ್ಡಿಯವರು ಮಹಿಳಾ ಲೀಗ್‌ಗೆ ದಿನಾಂಕ ಗೊತ್ತುಮಾಡಲಿ.

ಇವೆಲ್ಲ ಮುಂಬೈಯಲ್ಲಿ, ದೆಹಲಿಯಲ್ಲಿ ಆಗಬೇಕಾದ ಕೆಲಸಗಳು. ನಮ್ಮ ಕೈಯಲ್ಲೇ ಇರುವುದು ಒಂದಿದೆ. ಮುಂದಿನ ಊರ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಕಬಡ್ಡಿ ಪಂದ್ಯಾವಳಿ ಇಡುವ ಯುವಕ ಸಂಘಗಳು, ಅದಕ್ಕೆ ಹಣ ಕೊಡುವ ಮುಖಂಡರು, ಅನುಮತಿ ಕೊಡುವ ಪಂಚಾಯಿತಿಗಳು ಒಂದು ನಿಯಮ ಮಾಡಿಕೊಳ್ಳಲಿ: ಪುರುಷರ ವಿಭಾಗ ಇರುವಲ್ಲಿ ಮಹಿಳೆಯರ ವಿಭಾಗವೂ ಇರಬೇಕು, ಪ್ರಥಮ ಬಹುಮಾನ ಇಬ್ಬರಿಗೂ ಒಂದೇ ಆಗಿರಬೇಕು. ತಂಡಗಳು ಕಡಿಮೆ ಬಂದರೂ ಮೊದಲ ವರ್ಷಕ್ಕೇ ನಿಲ್ಲಿಸದೆ ಮೂರು ವರ್ಷ ನಡೆಸಬೇಕು. ಆಟವನ್ನು ನೆಚ್ಚಿ ಬದುಕಬಹುದೇ ಎಂದು ಕೇಳುವ ತಂದೆ ತಾಯಿಗೆ ಹೌದು ಎನ್ನಲು ಬಿಸಿಸಿಐನ ಘೋಷಣೆ ಒಂದೇ ಸಾಲದು. ಆ ಮಾತು ಹೊಸಕೋಟೆಯ, ನೆಲಮಂಗಲದ ಅಂಕಣಗಳಿಂದಲೂ ಬರಬೇಕು.